ಪುಟ ಸಂಖ್ಯೆ ಇಲ್ಲದ ಹೂವು

ಶಾಲೆಯ ಗ್ರಂಥಾಲಯ ಆರಂಭವಾದ ದಿನದಿಂದ ಅಲ್ಲಿಂದ ಒಂದೇ ಒಂದು ಪುಸ್ತಕವೂ ಕಳೆದುಹೋಗಿಲ್ಲ ಎಂಬುದು ಎಲ್ಲರೂ ಒಪ್ಪಿದ ಸಂಗತಿ. ಯಾವ ಪುಸ್ತಕವೂ ಹರಿದಿಲ್ಲ, ಯಾವ ಪುಟದ ಮೂಲೆಯೂ ಮಡಚಿಲ್ಲ, ಯಾವ ಚಿತ್ರದ ರಾಜನಿಗೂ ಮಕ್ಕಳು ಪೆನ್ಸಿಲ್ಲಿನಿಂದ ಮೀಸೆ ಬರೆದಿಲ್ಲ. ಇಷ್ಟು ಸುರಕ್ಷಿತವಾದ ಗ್ರಂಥಾಲಯ ಬೇರೆಲ್ಲೂ ಇಲ್ಲವೆಂದು ಮೇಲಿನವರು ಕೊಟ್ಟ ಪ್ರಶಸ್ತಿಪತ್ರ ಗಾಜಿನ ಚೌಕಟ್ಟಿನಲ್ಲಿ ಬಾಗಿಲ ಮೇಲೆ ತೂಗುತ್ತಿತ್ತು. ಈ ಸಾಧನೆಯ ಹಿಂದೆ ದೊಡ್ಡ ಗುಟ್ಟೇನೂ ಇರಲಿಲ್ಲ. ಪುಸ್ತಕಗಳನ್ನು ಯಾರಿಗೂ ಕೊಡುತ್ತಿರಲಿಲ್ಲ.

ಗ್ರಂಥಪಾಲಕರನ್ನು ಮಕ್ಕಳು ಬೀಗದ ಮೇಷ್ಟ್ರು ಎನ್ನುತ್ತಿದ್ದರು. ಅದು ಅವರ ಕಿವಿಗೆ ಬಿದ್ದಿಲ್ಲವೆಂದು ಮಕ್ಕಳು ತಿಳಿದಿದ್ದರು. ಬಿದ್ದಿತ್ತು, ಮೇಷ್ಟ್ರಿಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ವಾರಕ್ಕೊಮ್ಮೆ ಗ್ರಂಥಾಲಯದ ಪೀರಿಯಡ್ಡು. ಮಕ್ಕಳು ಕೈ ತೊಳೆದು, ತೊಳೆದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗಾಜಿನ ಕಪಾಟುಗಳ ಮುಂದೆ ಸಾಲಾಗಿ ಹಾದುಹೋಗಬೇಕು. ಪುಸ್ತಕದ ಬೆನ್ನ ಮೇಲಿರುವ ಹೆಸರನ್ನು ಓದಬಹುದು, ಮನಸ್ಸಿನಲ್ಲಿ. ಬೆನ್ನನ್ನು ಚೆನ್ನಾಗಿ ಓದಿದವರಿಗೆ ಮುಂದಿನ ವರ್ಷ ಮುಖಪುಟ ತೋರಿಸಲಾಗುವುದು ಎಂಬ ನಿಯಮವಿತ್ತು. ಆ ಮುಂದಿನ ವರ್ಷ ಇನ್ನೂ ಬಂದಿರಲಿಲ್ಲ.

ಮೇಷ್ಟ್ರು ತಾವಾದರೂ ಓದುತ್ತಿದ್ದರೇ ಎಂದು ಕೇಳಬಾರದು. ಖಜಾನೆ ಕಾಯುವವನು ಒಡವೆ ಹಾಕಿಕೊಂಡು ತಿರುಗುತ್ತಾನೆಯೇ? ಪ್ರತಿ ವಾರ್ಷಿಕೋತ್ಸವದಲ್ಲೂ ಅವರು ‘ಪುಸ್ತಕವೇ ಗುರು, ಅಂತರ್ಜಾಲ ಬರೀ ಗಾಳಿ’ ಎಂಬ ವಿಷಯದ ಮೇಲೆ ಗಂಟಲು ಕಟ್ಟುವಂತೆ ಭಾಷಣ ಮಾಡುತ್ತಿದ್ದರು. ಭಾಷಣವನ್ನು ಹಿಂದಿನ ದಿನ ಫೋನಿನಲ್ಲಿ ಹುಡುಕಿ ಇಳಿಸಿಕೊಳ್ಳುತ್ತಿದ್ದರು. ಇದರಲ್ಲಿ ತಪ್ಪೇನೂ ಇಲ್ಲ. ಪುಸ್ತಕದಲ್ಲಿ ಹುಡುಕಬೇಕೆಂದರೆ ಕಪಾಟು ತೆಗೆಯಬೇಕು, ಕಪಾಟು ತೆಗೆದರೆ ಒಳಗೆ ಧೂಳು ಹೋಗುತ್ತದೆ. ಈ ಕತೆ ಹೇಳುತ್ತಿರುವವನಿಗೂ ಮೇಷ್ಟ್ರನ್ನು ನೋಡಿ ನಗುವ ಯೋಗ್ಯತೆ ಇಲ್ಲ. ಹೊರಗೆ ಬಿಸಿಲಿದೆಯೋ ಮೋಡವಿದೆಯೋ ಎಂದು ಕಿಟಕಿಗೆ ಬೆನ್ನು ಮಾಡಿ ಕೂತು ಫೋನಿನಲ್ಲಿ ನೋಡುವ ಜಾತಿಯವನೇ ಅವನು.

ಮೇಷ್ಟ್ರ ಮಗಳು ಅದೇ ಶಾಲೆಯಲ್ಲಿ ಏಳನೇ ತರಗತಿ. ಅಪ್ಪನ ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದಳು. ಮೇಷ್ಟ್ರು ಸೈಕಲ್ ನಿಲ್ಲಿಸುತ್ತಿದ್ದುದು ಅಂಗಳದ ನಡುವೆ ಇದ್ದ ದೊಡ್ಡ ಮರದ ಕೆಳಗೆ. ಆ ಮರ ಪರೀಕ್ಷೆಯ ಕಾಲಕ್ಕೆ ಹೂ ಬಿಡುತ್ತಿತ್ತು, ಬಿಟ್ಟ ಹೂವನ್ನೆಲ್ಲ ಸೈಕಲ್ ಸೀಟಿನ ಮೇಲೇ ಸುರಿಯುತ್ತಿತ್ತು. ಮೇಷ್ಟ್ರು ಸಂಜೆ ಬಂದು, “ಹಾಳು ಮರ” ಎಂದು ಬೈದು, ಕ್ಯಾರಿಯರ್‌ಗೆ ಸಿಕ್ಕಿಸಿದ ಬಟ್ಟೆಯಿಂದ ಸೀಟನ್ನು ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ಒರೆಸುತ್ತಿದ್ದರು. ಮಗಳು ಕೆಳಗೆ ಬಿದ್ದದ್ದನ್ನು ಆರಿಸಿ ತನ್ನ ಕಂಪಾಸ್ ಡಬ್ಬಿಯಲ್ಲಿ ಹಾಕಿಕೊಳ್ಳುತ್ತಿದ್ದಳು. ಆ ಡಬ್ಬಿಯಲ್ಲಿ ಕಂಪಾಸಿಗೆ ಜಾಗವೇ ಇರಲಿಲ್ಲ. ಜೀರುಂಡೆಯ ರೆಕ್ಕೆ, ಬಸವನಹುಳುವಿನ ಚಿಪ್ಪು, ಯಾವುದೋ ಕಾಯಿಯ ಬೀಜ, ಇಂಥವುಗಳ ಸಂತೆಯೇ ಇತ್ತು. ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಇತ್ತು, ಪ್ರಶ್ನೆಗಳೆಲ್ಲ ಅಪ್ಪನ ಬೆನ್ನಿಗೆ. ಸೈಕಲ್ ತುಳಿಯುತ್ತಾ ಮೇಷ್ಟ್ರು “ನೋಡೋಣ, ನೋಡೋಣ” ಎನ್ನುತ್ತಿದ್ದರು. ನೋಡುತ್ತಿರಲಿಲ್ಲ. ಆದರೆ ಬೆನ್ನ ಹಿಂದಿನ ಆ ಸದ್ದು ಅವರಿಗೆ ಬಹಳ ಇಷ್ಟವಾಗಿತ್ತು. ಆ ಸದ್ದಿಲ್ಲದೆ ಮನೆಯ ಏರು ಹತ್ತುವುದು ಅವರಿಗೆ ಕಷ್ಟವಾಗುತ್ತಿತ್ತು.

ಗ್ರಂಥಾಲಯದ ಪಕ್ಕದ್ದು ಕಂಪ್ಯೂಟರ್ ಕೋಣೆ. ಅಲ್ಲಿಯೂ ಶಿಸ್ತಿಗೆ ಕೊರತೆ ಇರಲಿಲ್ಲ. ಯಂತ್ರಗಳಿಗೆಲ್ಲ ಜಾಲರಿಯ ಅಂಚಿನ ಗವಸು ಹೊಲಿಸಿ ತೊಡಿಸಲಾಗಿತ್ತು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಬಂದು, ಗವಸಿನ ಮುಂದೆ ಕೂತು, ಕೀಬೋರ್ಡಿನ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಬರೆದು ಅದರ ಮೇಲೆ ಬೆರಳಾಡಿಸಿ ಟೈಪಿಂಗ್ ಕಲಿಯುತ್ತಿದ್ದರು. ಅಂತರ್ಜಾಲದ ಸಂಪರ್ಕವಿತ್ತು, ಅದರ ಪಾಸ್‌ವರ್ಡ್ ಆಡಳಿತ ಮಂಡಳಿ ಅಧ್ಯಕ್ಷರ ಭಾವಮೈದುನನ ಬಳಿ ಇತ್ತು. ಯಂತ್ರಗಳನ್ನು ಒದಗಿಸಿದವನೂ ಅವನೇ. ಹಿಂದಿನ ಅಧ್ಯಕ್ಷರ ಭಾವಮೈದುನನಿಗೆ ಅಚ್ಚುಕೂಟವಿದ್ದುದರಿಂದ ಶಾಲೆಗೆ ಪುಸ್ತಕಗಳು ಬಂದಿದ್ದವು, ಈಗಿನವರ ಭಾವಮೈದುನನಿಗೆ ಕಂಪ್ಯೂಟರ್ ಅಂಗಡಿ ಇದ್ದುದರಿಂದ ಕಂಪ್ಯೂಟರ್ ಬಂದವು. ವಿದ್ಯೆ ಯಾವ ಮನೆಯ ಭಾವಮೈದುನನ ದಾರಿಯಲ್ಲಿ ಬರುತ್ತದೋ ಹೇಳಲು ಬಾರದು.

ಹೀಗೆ ಎಲ್ಲವೂ ಸುಗಮವಾಗಿ ನಡೆಯುತ್ತಿದ್ದಾಗ ಒಬ್ಬ ಹೊಸ ತಪಾಸಣಾಧಿಕಾರಿ ಬಂದರು. ಹೊಸಬರಾದ್ದರಿಂದ ಮಕ್ಕಳನ್ನೇ ಮಾತಾಡಿಸಿಬಿಟ್ಟರು.

“ನಿನಗೆ ಗೊತ್ತಿಲ್ಲದ ವಿಷಯ ಇದ್ರೆ ಹೇಗೆ ತಿಳ್ಕೊಳ್ತೀಯಪ್ಪ?”

“ಕಾಯ್ತೀನಿ ಸರ್,” ಎಂದ ಮೊದಲ ಬೆಂಚಿನ ಹುಡುಗ.

“ಏನಕ್ಕೆ ಕಾಯ್ತೀಯ?”

“ಮೇಡಂ ಬೋರ್ಡ್ ಮೇಲೆ ಬರೆಯೋದಕ್ಕೆ ಸರ್.”

ಅಧಿಕಾರಿ ತಮ್ಮ ಅಭಿಪ್ರಾಯವನ್ನು ಹೀಗೆ ದಾಖಲಿಸಿ ಹೊರಟುಹೋದರು: ‘ಸದರಿ ಶಾಲೆಯ ಮಕ್ಕಳಲ್ಲಿ ಸಂಶೋಧನಾ ಕೌಶಲವು ಕಂಡುಬರಲಿಲ್ಲ. ಸದರಿ ಕೌಶಲವು ಪುಸ್ತಕದಿಂದ ಬರತಕ್ಕದ್ದೋ ಅಂತರ್ಜಾಲದಿಂದ ಬರತಕ್ಕದ್ದೋ ಎಂಬುದನ್ನು ತೀರ್ಮಾನಿಸಿ ವರದಿ ಸಲ್ಲಿಸುವುದು.’

ಮರುದಿನವೇ ಪ್ರಕಟಣೆ ಹೊರಬಿತ್ತು. ‘ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಶಾಲೆಯಲ್ಲಿ ಪುಸ್ತಕ ತಂಡ ಹಾಗೂ ಅಂತರ್ಜಾಲ ತಂಡಗಳ ನಡುವೆ ಸಂಶೋಧನಾ ಸ್ಪರ್ಧೆಯನ್ನು ಏರ್ಪಡಿಸಿದೆ. ಗೆದ್ದ ತಂಡದ ಕೋಣೆಗೆ ಸೋತ ತಂಡದ ಕೋಣೆಯನ್ನು ಸೇರಿಸಲಾಗುವುದು. ಸೋತ ಕೋಣೆಯ ಸಿಬ್ಬಂದಿಯನ್ನು ಹಿತ್ತಿಲ ಶೆಡ್ಡಿನಲ್ಲಿರುವ ಮುರಿದ ಬೆಂಚುಗಳ ಉಸ್ತುವಾರಿಗೆ ನಿಯೋಜಿಸಲಾಗುವುದು.’ ಕೆಳಗೆ ಸಂಶೋಧನಾ ಕೌಶಲ ನಿರ್ಣಯ ಸಮಿತಿಯ ಕಾರ್ಯದರ್ಶಿಯ ಸಹಿ ಇತ್ತು. ಕಾರ್ಯದರ್ಶಿ ಬೀಗದ ಮೇಷ್ಟ್ರೇ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಅವರನ್ನು ನೇಮಿಸಿದ್ದರು. ತಮ್ಮನ್ನು ಶೆಡ್ಡಿಗೆ ಕಳಿಸುವ ಆದೇಶವನ್ನು ಅವರು ಅಷ್ಟೇ ದುಂಡಗೆ ಬರೆದಿದ್ದರು.

ಸಮಿತಿಯ ಮೊದಲ ಸಭೆಯಲ್ಲಿ ಅಧ್ಯಕ್ಷರು, ಮಕ್ಕಳು ದೊಡ್ಡ ಮೇಡಂ ಎಂದು ಕರೆಯುವ ಮುಖ್ಯೋಪಾಧ್ಯಾಯಿನಿ, ಕಂಪ್ಯೂಟರ್ ಮೇಡಂ ಮತ್ತು ಬೀಗದ ಮೇಷ್ಟ್ರು ಹಾಜರಿದ್ದರು.

“ಪ್ರಶ್ನೆ ನಮ್ಮ ಸುತ್ತಮುತ್ತಲಿಂದೇ ಆಗಿರ್ಬೇಕು,” ಎಂದರು ಅಧ್ಯಕ್ಷರು. “ದೂರದ ದೇಶದ ರಾಜಧಾನಿ ಕೇಳಿದ್ರೆ, ಉತ್ತರ ಸರಿನೋ ತಪ್ಪೋ ಅಂತ ನಮಗೆ ಹೇಗ್ರೀ ಗೊತ್ತಾಗ್ಬೇಕು?”

ದೊಡ್ಡ ಮೇಡಂ ಯೋಚಿಸಿದರು. “ನಮ್ಮ ಅಂಗಳದ ಮರದ ಹೂವಿನ ಬಣ್ಣ ಯಾವುದು ಅಂತ ಕೇಳೋಣವಾ ಸರ್?”

“ಭೇಷ್! ಇದು ಪ್ರಶ್ನೆ ಅಂದ್ರೆ!” ಅಧ್ಯಕ್ಷರು ಮೇಜು ಗುದ್ದಿದರು. ಆಮೇಲೆ ತುಸು ತಗ್ಗಿದ ದನಿಯಲ್ಲಿ, “ಅಂದ ಹಾಗೆ, ಯಾವುದು?” ಎಂದರು.

ಯಾರಿಗೂ ಗೊತ್ತಿರಲಿಲ್ಲ. ಆ ಮರ ಹೂ ಬಿಡುವುದು ಪರೀಕ್ಷೆಯ ಕಾಲದಲ್ಲಿ. ಆಗ ಎಲ್ಲರ ಕಣ್ಣೂ ಕಾಗದದ ಮೇಲೆ. ದೊಡ್ಡ ಮೇಡಂ ಮೇಷ್ಟ್ರ ಕಡೆ ನೋಡಿದರು. ದಿನವೂ ಅದರ ಬುಡದಲ್ಲೇ ಸೈಕಲ್ ನಿಲ್ಲಿಸುವ ಮೇಷ್ಟ್ರಿಗೆ ತಾವು ಬೈದದ್ದು ನೆನಪಿತ್ತು, ಒರೆಸಿದ್ದು ನೆನಪಿತ್ತು, ಬಟ್ಟೆಯನ್ನು ಕೊಡವಿದ್ದೂ ನೆನಪಿತ್ತು. ಬಣ್ಣ ಮಾತ್ರ ತಲೆಕೆಳಗಾಗಿ ನಿಂತರೂ ನೆನಪಾಗಲಿಲ್ಲ.

“ಗ್ರಂಥಗಳನ್ನು ಪರಿಶೀಲಿಸಿ ತಿಳಿಸಬೇಕಾಗುತ್ತೆ ಸರ್,” ಎಂದರು.

“ನಾನೂ ಸರ್ಚ್ ಮಾಡಿ ಹೇಳ್ತೀನಿ ಸರ್,” ಎಂದರು ಕಂಪ್ಯೂಟರ್ ಮೇಡಂ, ಹಿಂದೆ ಬೀಳದೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಗಾದೆ ಇದೆ. ಸಮಿತಿಯು ಕನ್ನಡಿ ಖರೀದಿಗೆ ಉಪಸಮಿತಿ ರಚಿಸುವ ಹಂತಕ್ಕೆ ಬಂದಿತ್ತು.

“ಮಕ್ಕಳು ಹೊರಗೆ ಹೋಗಿ ಮರಾನೇ ನೋಡಿಬಿಟ್ರೆ?” ಎಂದು ದೊಡ್ಡ ಮೇಡಂ ಒಂದು ಸೂಕ್ಷ್ಮ ಅಂಶ ಎತ್ತಿದರು. “ಆಗಲೇ ಮೊಗ್ಗು ಕಾಣ್ತಿದೆ ಅಂತ ಜವಾನ ಹೇಳ್ತಿದ್ದ.”

“ನೋಡೋದಾ?” ಅಧ್ಯಕ್ಷರಿಗೆ ನಿಜವಾಗಿಯೂ ಆಘಾತವಾಯಿತು. “ಅದು ಕಾಪಿ ಹೊಡೆದ ಹಾಗಲ್ವೇನ್ರೀ?”

ಹಾಗಾಗಿ ನಿಯಮಾವಳಿ ಸಿದ್ಧವಾಯಿತು. ಸಂಶೋಧಕರು ಯಾರನ್ನೂ ಕೇಳತಕ್ಕದ್ದಲ್ಲ. ತಮಗೆ ಮೊದಲೇ ತಿಳಿದಿರುವುದನ್ನು ಬಳಸತಕ್ಕದ್ದಲ್ಲ, ಏಕೆಂದರೆ ಅದು ನೆನಪಿನಿಂದ ನಕಲು ಮಾಡಿದಂತಾಗುತ್ತದೆ. ಸಂಶೋಧನೆಗೆ ಒಳಪಟ್ಟ ವಸ್ತುವನ್ನು ಕಣ್ಣಾರೆ ಕಾಣುವುದು ಪ್ರಶ್ನೆಪತ್ರಿಕೆ ಸೋರಿಕೆ ಎಂದು ಪರಿಗಣಿಸಲಾಗುವುದು. ಪ್ರತಿ ಉತ್ತರಕ್ಕೂ ಆಧಾರ ಕೊಡತಕ್ಕದ್ದು. ಪುಸ್ತಕವಾದರೆ ಪುಟ ಸಂಖ್ಯೆ, ಅಂತರ್ಜಾಲವಾದರೆ ವಿಳಾಸ. ಸ್ಪರ್ಧೆ ಮುಗಿಯುವವರೆಗೆ ಅಂಗಳದ ಕಡೆಯ ಕಿಟಕಿಗಳಿಗೆ ಪರದೆ ಹಾಕಿಸಲಾಯಿತು. ಮಕ್ಕಳು ನೆಲ ನೋಡಿಕೊಂಡು ನಡೆಯುವಂತೆ ಪ್ರಾರ್ಥನೆಯ ವೇಳೆ ಸೂಚಿಸಲಾಯಿತು. ಶಾಲೆಯ ಮಕ್ಕಳಿಗೆಲ್ಲ ಆ ಹೂವಿನ ಬಣ್ಣ ಗೊತ್ತೇ ಇತ್ತು. ಯಾರೂ ಯಾರನ್ನೂ ಕೇಳುವಂತಿಲ್ಲವೆಂದು ನಿಯಮವಿದ್ದುದರಿಂದ ಅದು ಹೊರಗೆ ಬರಲಿಲ್ಲ.

ಪುಸ್ತಕ ತಂಡಕ್ಕೆ ಮೇಷ್ಟ್ರ ಮಗಳೇ ನಾಯಕಿಯಾದಳು. ಅಪ್ಪನ ಕೋಣೆ ಉಳಿಸುವ ಹೊಣೆ ತನ್ನದೆಂದು ಅವಳಿಗೆ ಅನಿಸಿತ್ತು. ಆ ಸಂಜೆ ಅಪ್ಪ ಊಟಕ್ಕೆ ಕೂತಾಗ ಕಂಪಾಸ್ ಡಬ್ಬಿ ಹಿಡಿದುಕೊಂಡು ಓಡಿಬಂದಳು.

“ಅಪ್ಪಾ, ಅದು ಹಳದಿ! ನಾವು ಗೆದ್ವಿ!”

ಮೇಷ್ಟ್ರ ತುತ್ತು ಅರ್ಧಕ್ಕೇ ನಿಂತಿತು. “ಎಲ್ಲಿ ಓದಿದೆ?”

“ಓದಿಲ್ಲ. ನಿನ್ನ ಸೈಕಲ್ ಸೀಟ್ ಮೇಲೆ ಬೀಳುತ್ತಲ್ಲ, ಅದೇ. ಹೋದ ವರ್ಷದ್ದು ಇದೆ, ನೋಡು…”

“ತೋರಿಸ್ಬೇಡ!” ಮೇಷ್ಟ್ರು ಎಡಗೈಯಿಂದ ಡಬ್ಬಿಯ ಮುಚ್ಚಳವನ್ನು ಟಪ್ ಎಂದು ಮುಚ್ಚಿದರು. “ನಾನು ಸಮಿತಿಯ ಕಾರ್ಯದರ್ಶಿ. ನಾನು ನೋಡಿದ್ರೆ ಪಕ್ಷಪಾತ ಆಗುತ್ತೆ.”

“ಹೂವು ನೋಡಿದ್ರೆ ಪಕ್ಷಪಾತಾನಾ?”

“ಆಧಾರ ಬೇಕು ಪುಟ್ಟಾ. ಸೈಕಲ್ ಸೀಟು ಗ್ರಂಥ ಅಲ್ಲ.”

ಮೇಷ್ಟ್ರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವರು ಸಾರು ಬಡಿಸುತ್ತಲೇ ಹೇಳಿದರು, “ನಾವು ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡ್ತೀವಪ್ಪ. ನೀವು ಹಣೆ ಬಗ್ಗೆ ಪುಸ್ತಕ ತರಿಸ್ತೀರಿ. ಅಷ್ಟರಲ್ಲಿ ರೋಗಿ ಎದ್ದು ಮನೆಗೆ ಹೋಗಿರ್ತಾನೆ, ಇಲ್ಲಾ ಮೇಲಕ್ಕೆ ಹೋಗಿರ್ತಾನೆ.”

“ನಿನಗೆ ಸಂಶೋಧನೆ ಅಂದ್ರೆ ಅರ್ಥ ಆಗಲ್ಲ ಬಿಡು,” ಎಂದರು ಮೇಷ್ಟ್ರು. ತಮಗೂ ಅರ್ಥವಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೆ ಗಂಡ ಹೆಂಡತಿ ಇಬ್ಬರಿಗೂ ಅರ್ಥವಾಗದಿದ್ದರೆ ಮನೆ ನಡೆಯುವುದು ಹೇಗೆ?

ಮರುದಿನ ಅವರು ಬಾಗಿಲು ಹಾಕಿಕೊಂಡು ಕಪಾಟುಗಳನ್ನು ತೆಗೆದರು. ಸೇವೆಗೆ ಸೇರಿದ ಮೇಲೆ ಮೊದಲ ಸಲ. ಆಗ ಅವರಿಗೆ ತಾವು ಇಷ್ಟು ಕಾಲ ಏನನ್ನು ಕಾಯುತ್ತಿದ್ದೆವು ಎಂಬುದು ತಿಳಿಯಿತು. ಮುಕ್ಕಾಲು ಪಾಲು ಹಿಂದಿನ ಅಧ್ಯಕ್ಷರ ಜೀವನಚರಿತ್ರೆಯೇ ಇತ್ತು, ಬೇರೆ ಬೇರೆ ಬಣ್ಣದ ರಟ್ಟಿನಲ್ಲಿ, ಬೇರೆ ಬೇರೆ ಹೆಸರಿನಲ್ಲಿ. ಉಳಿದ ಕಾಲು ಪಾಲಿನಲ್ಲಿ ಒಂದು ದಪ್ಪ ಜ್ಞಾನಕೋಶವಿತ್ತು. ಅದರಲ್ಲಿ ಮರಗಳ ಅಧ್ಯಾಯ ಇರಬೇಕಾದ ಜಾಗದಲ್ಲಿ ಮುದ್ರಣದೋಷದಿಂದ ಹಡಗುಗಳ ಅಧ್ಯಾಯ ಎರಡು ಸಲ ಬಂದಿತ್ತು. ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ತಾನು ಖಾಲಿ ಹುತ್ತಕ್ಕೆ ಇಷ್ಟು ವರ್ಷ ಪಹರೆ ಕೊಟ್ಟೆನಲ್ಲ ಎಂದು ನಗು ಬಂತು, ಒಬ್ಬರೇ ನಕ್ಕರು. ಆಮೇಲೆ ಶೆಡ್ಡು ಕಣ್ಣ ಮುಂದೆ ಬಂತು, ನಗು ನಿಂತಿತು.

ಬಾಗಿಲು ತಟ್ಟಿದ ಸದ್ದು. ಕಂಪ್ಯೂಟರ್ ಮೇಡಂ ಜಗುಲಿಯಲ್ಲಿ ನಿಂತಿದ್ದರು. ಅವರಿಗೂ ರಾತ್ರಿ ನಿದ್ದೆ ಬಂದಿರಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಪಾಸ್‌ವರ್ಡಿಲ್ಲದ ಯಂತ್ರಗಳ ಮೇಲೆ ಅನ್ನ ತಿನ್ನುತ್ತಿದ್ದವರು ಅವರು. ಆ ಮರದ ಹೆಸರೇ ಗೊತ್ತಿಲ್ಲದಿರುವಾಗ ತಮ್ಮ ಫೋನಿನಲ್ಲಿ ಹುಡುಕುವುದಾದರೂ ಏನನ್ನು?

“ಏನ್ ಸರ್, ಪುಸ್ತಕಗಳು ಏನ್ ಹೇಳ್ತಿವೆ?” ಎಂದರು ಕ್ಷೇಮಸಮಾಚಾರ ಕೇಳುವ ದನಿಯಲ್ಲಿ.

“ಪುಸ್ತಕ ಬಿಡಿ ಮೇಡಂ, ಅವು ಹೇಳೋದು ಇದ್ದೇ ಇದೆ. ನಿಮ್ಮ ಅಂತರ್ಜಾಲ ಏನ್ ಹೇಳುತ್ತೆ?”

ಕಂಪ್ಯೂಟರ್ ಮೇಡಂ ಉತ್ತರಕ್ಕಾಗಿ ಅತ್ತಿತ್ತ ನೋಡಿದರು. ಜಗುಲಿಯ ಕಂಬಕ್ಕೆ ಬೆಂಕಿ ಆರಿಸುವ ಮರಳಿನ ಬಕೆಟ್ಟು ತೂಗುಹಾಕಿತ್ತು, ಅದಕ್ಕೆ ಬಳಿದದ್ದು ಕೆಂಪು. “ಹೆಚ್ಚಿನ ಕಡೆ ಕೆಂಪು ಅಂತಾರಲ್ವಾ ಸರ್?”

ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿದರು. “ಗ್ರಂಥಗಳ ಒಲವೂ ಕೆಂಪಿನ ಕಡೆಗೇ ಇದೆ.”

ಇಬ್ಬರಿಗೂ ಎದೆ ಹಗುರವಾಯಿತು. ಕುರುಡನ ಕೈಯನ್ನು ಕುರುಡ ಹಿಡಿದ ಎನ್ನುತ್ತಾರೆ. ಇಲ್ಲಿ ಇಬ್ಬರೂ ಎದುರಿನವರಿಗೆ ಕಣ್ಣಿದೆ ಎಂದೇ ಪ್ರಾಮಾಣಿಕವಾಗಿ ನಂಬಿದ್ದರು.

ಮೇಷ್ಟ್ರು ಅಂದೇ ದುಂಡು ಅಕ್ಷರದಲ್ಲಿ ಒಂದು ಹಾಳೆ ಬರೆದು, ಪೇಟೆಯಲ್ಲಿ ಅಚ್ಚು ಹಾಕಿಸಿ, ಜ್ಞಾನಕೋಶದ ಎರಡನೇ ಹಡಗಿನ ಮೇಲೆ ಅಂಟಿಸಿದರು. ‘ಶಾಲೆಯ ಅಂಗಳದ ಮರದ ಹೂವು ಕೆಂಪು ಬಣ್ಣದ್ದಾಗಿರುತ್ತದೆ.’ ಸುಳ್ಳು ಹೇಳಬಾರದೆಂದು ಅಡಿಯಲ್ಲಿ ‘ಆಧಾರ: ಅಂತರ್ಜಾಲ’ ಎಂದು ಸೇರಿಸಿದರು. ಅತ್ತ ಕಂಪ್ಯೂಟರ್ ಮೇಡಂ ತಮ್ಮ ಫೋನಿನಿಂದಲೇ ಶಾಲೆಯ ಜಾಲತಾಣದಲ್ಲಿ ಅದೇ ಮಾತನ್ನು ಹಾಕಿ, ‘ಆಧಾರ: ಶಾಲಾ ಗ್ರಂಥಾಲಯ’ ಎಂದು ಕಾಣಿಸಿದರು. ರಾತ್ರಿ ಮೇಷ್ಟ್ರು ಮನಸ್ಸು ತಡೆಯದೆ ಫೋನಿನಲ್ಲಿ ಹುಡುಕಿದಾಗ ಆ ಪುಟ ಸಿಕ್ಕಿತು. ಅಬ್ಬಾ, ಹಾಗಾದರೆ ನಿಜವೇ! ಊಹೆಯಲ್ಲಿ ಹೊಡೆದ ಕಲ್ಲು ನೇರ ಹಣ್ಣಿಗೇ ತಗುಲಿದೆ ಎಂದು ಅವರಿಗೆ ಸಮಾಧಾನವಾಯಿತು. ಮಗಳ ಹಳದಿಯ ನೆನಪಾಗಿ, ಪಾಪ, ಮಕ್ಕಳ ಕಣ್ಣು, ಅಂದುಕೊಂಡು ಮಗ್ಗುಲಾದರು.

ಸ್ಪರ್ಧೆಯ ದಿನ ಸಭಾಂಗಣ ತುಂಬಿತ್ತು. ಪೋಷಕರು, ಶಿಕ್ಷಕರು, ವರದಿ ಒಯ್ಯಲು ಬಂದಿದ್ದ ಅದೇ ತಪಾಸಣಾಧಿಕಾರಿ. ಪರದೆಗಳನ್ನು ಎಳೆದಿದ್ದರಿಂದ ಹಾಡುಹಗಲೇ ದೀಪ ಹಾಕಿದ್ದರು. ಮೊದಲು ಅಧ್ಯಕ್ಷರ ಭಾವಮೈದುನ ವೇದಿಕೆಗೆ ಬಂದು, ಕಂಪ್ಯೂಟರಿನ ಗವಸು ತೆಗೆದು, ಕೀಬೋರ್ಡಿನ ಮೇಲೆ ಕರವಸ್ತ್ರ ಹೊದಿಸಿ, ಅದರಡಿ ಕೈ ತೂರಿಸಿ ಪಾಸ್‌ವರ್ಡ್ ಹಾಕಿದ. ಚಪ್ಪಾಳೆ ಬಿತ್ತು. ಆಮೇಲೆ ಬೀಗದ ಮೇಷ್ಟ್ರು ಜ್ಞಾನಕೋಶವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಪುಸ್ತಕ ತಂಡದ ಮುಂದಿಟ್ಟರು. ಅದನ್ನು ತೆರೆದಾಗ ಪುಸ್ತಕ ತಂಡ ಒಟ್ಟಾಗಿ ಸೀನಿತು. ಅದಕ್ಕೂ ಚಪ್ಪಾಳೆ ಬಿತ್ತು.

ಅಂತರ್ಜಾಲ ತಂಡದ ಹುಡುಗ ಎದ್ದು ನಿಂತ. “ಕೆಂಪು. ಆಧಾರ, ನಮ್ಮ ಶಾಲೆಯ ಜಾಲತಾಣ.”

ಸಭೆ ಪುಸ್ತಕ ತಂಡದತ್ತ ತಿರುಗಿತು. ಮೇಷ್ಟ್ರ ಮಗಳು ಎದ್ದಳು. ಹಾಳೆಯನ್ನು ಓದಿದಳು, ಅಂಟಿನ ಅಂಚನ್ನು ಬೆರಳಿಂದ ಸವರಿದಳು, ಒಮ್ಮೆ ಅಪ್ಪನ ಕಡೆ ನೋಡಿದಳು.

“ಪುಸ್ತಕದಲ್ಲಿ ಕೆಂಪು ಅಂತ ಇದೆ,” ಎಂದಳು. ಮೇಷ್ಟ್ರು ಉಸಿರು ಬಿಟ್ಟರು. “ಆದ್ರೆ ಹೂವು ಹಳದಿ.”

ಸಭೆಯಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರು ಕೈ ಎತ್ತಿ ಸುಮ್ಮನಾಗಿಸಿದರು. “ಆಧಾರ ಏನಮ್ಮ?”

ಅವಳು ಡಬ್ಬಿ ತೆಗೆದು, ಅದನ್ನು ಅಧ್ಯಕ್ಷರಿಗೂ ಕೊಡದೆ, ದೊಡ್ಡ ಮೇಡಂಗೂ ಕೊಡದೆ, ಅಪ್ಪನ ಮುಂದೆ ಹಿಡಿದಳು. ಅಪ್ಪ ನೋಡಿದರೆ ಸಾಕು ಎಂಬಂತೆ ಹಿಡಿದಳು. ಈ ಸಲ ಮುಚ್ಚಳ ಮುಚ್ಚಲು ಮೇಷ್ಟ್ರ ಕೈ ಬಿಡುವಾಗಿರಲಿಲ್ಲ. ಎರಡೂ ಕೈಯಲ್ಲಿ ನಿಯಮಾವಳಿ ಇತ್ತು. ಅವರು ನೋಡಲೇಬೇಕಾಯಿತು. ಒಣಗಿ ಮುದುಡಿದ್ದರೂ ಪಕಳೆಗಳು ಹಳದಿಯೇ. ನೋಡಿದ ಕೂಡಲೇ ಅವರಿಗೆ ಎಲ್ಲ ನೆನಪಾಯಿತು. ಸೀಟು, ಬಟ್ಟೆ, ಬಟ್ಟೆಗೆ ಹತ್ತುತ್ತಿದ್ದ ಪುಡಿ, ಹೆಂಡತಿ ಆ ಬಟ್ಟೆ ಒಗೆಯುತ್ತಾ “ಇದೇನ್ರೀ, ಹಳದಿ ಕಲೆ ಹೋಗೋದೇ ಇಲ್ಲ” ಅಂದದ್ದು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವರು ಇನ್ಯಾರೋ ಅಲ್ಲ, ತಾವೇ.

“ಕಾರ್ಯದರ್ಶಿಗಳು ನಿರ್ಣಯ ಹೇಳ್ಬೇಕು,” ಎಂದರು ಅಧ್ಯಕ್ಷರು.

ಹಳದಿ ಎಂದರೆ ಪುಸ್ತಕ ಸುಳ್ಳಾಗುತ್ತದೆ, ಅಂಟಿಸಿದ ಹಾಳೆ ಬಯಲಾಗುತ್ತದೆ, ಬೀಗದ ಕೈಗೊಂಚಲು ಹೋಗುತ್ತದೆ, ಶೆಡ್ಡು ಬರುತ್ತದೆ. ಕೆಂಪು ಎಂದರೆ ಇದ್ಯಾವುದೂ ಆಗುವುದಿಲ್ಲ. ಮಗಳು ಡಬ್ಬಿ ಹಿಡಿದುಕೊಂಡೇ ಇದ್ದಳು. ಅವಳ ತೋಳು ನೋಯುತ್ತಿರಬೇಕು ಎಂದು ಮೇಷ್ಟ್ರಿಗೆ ಅನಿಸಿತು. ಬೇಗ ಮುಗಿಸುವುದು ಒಳ್ಳೆಯದೆಂದು ಅವರು ಗಂಟಲು ಸರಿಮಾಡಿಕೊಂಡರು.

“ಈ ಆಧಾರಕ್ಕೆ ಪುಟ ಸಂಖ್ಯೆ ಇಲ್ಲ,” ಎಂದರು. “ತಿರಸ್ಕರಿಸಲಾಗಿದೆ.”

ತಪಾಸಣಾಧಿಕಾರಿ ತಲೆದೂಗಿ ಬರೆದುಕೊಂಡರು. ಮಗಳು ಡಬ್ಬಿ ಮುಚ್ಚಿ ಕೂತಳು. ಅತ್ತಿದ್ದರೆ ಸಂಜೆ ಏನಾದರೂ ಕೊಡಿಸಿ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ, ಏನನ್ನೋ ಅರ್ಥ ಮಾಡಿಕೊಂಡವಳ ಹಾಗೆ ತಲೆಯಾಡಿಸಿದಳು.

ಫಲಿತಾಂಶದಲ್ಲಿ ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಪುಸ್ತಕವೂ ಅಂತರ್ಜಾಲವೂ ಪರಸ್ಪರ ಸಂಪರ್ಕವಿಲ್ಲದೆ ಒಂದೇ ಸತ್ಯವನ್ನು ತಲುಪಿರುವುದರಿಂದ ಎರಡೂ ಸಮಾನವಾಗಿ ಶ್ರೇಷ್ಠ ಎಂದು ಸಮಿತಿ ಘೋಷಿಸಿತು. ಇಂಥ ಅಮೂಲ್ಯ ಆಸ್ತಿಗಳು ಮಕ್ಕಳ ಬಳಕೆಯಿಂದ ಸವೆಯಬಾರದೆಂದು ಎರಡೂ ಕೋಣೆಗಳಿಗೆ ಹೊಸ ಬೀಗ ಹಾಕಲಾಯಿತು. ಬೀಗಗಳನ್ನು ಅಧ್ಯಕ್ಷರ ಭಾವಮೈದುನ ಒದಗಿಸಿದ. ಎರಡೂ ತಂಡಗಳಿಗೆ ಒಂದೊಂದು ಪುಸ್ತಕವನ್ನು ಬಹುಮಾನವಾಗಿ ಕೊಟ್ಟು, ಫೋಟೋ ತೆಗೆಸಿ, ವಾಪಸು ಪಡೆದು ಕಪಾಟಿನಲ್ಲಿಡಲಾಯಿತು. ಮಕ್ಕಳಲ್ಲಿ ಸಂಶೋಧನಾ ಕೌಶಲ ಕಂಡುಬಂದಿದೆ ಎಂದು ವರದಿ ಹೋಯಿತು.

ಮುಂದಿನ ವಾರ ಮರ ಹೂ ಬಿಟ್ಟಿತು. ಎಲೆಯೇ ಕಾಣದಷ್ಟು, ಮೈತುಂಬ, ಹಳದಿ. ಸಮಿತಿ ತುರ್ತಾಗಿ ಸೇರಿ, ಮರದ ಬಗ್ಗೆ ಗೊಂದಲ ಹರಡದಂತೆ ಕಾಂಡಕ್ಕೊಂದು ಫಲಕ ಹೊಡೆಸಿತು: ‘ಈ ಮರದ ಹೂವು ಕೆಂಪು. ಆಜ್ಞೆಯ ಮೇರೆಗೆ.’ ಫಲಕವೂ ಭಾವಮೈದುನನದೇ. ಒಬ್ಬ ಪೋಷಕ ಬಂದು, “ಮೇಡಂ, ಇದು ಹಳದಿ ಕಾಣುತ್ತಲ್ಲ?” ಎಂದು ಕೇಳಿದ. ದೊಡ್ಡ ಮೇಡಂ ಅವನಿಗೆ ಕಣ್ಣಿನ ಆಸ್ಪತ್ರೆಯ ವಿಳಾಸ ಬರೆದುಕೊಟ್ಟರು. ಅವನು ನಿಜವಾಗಿಯೂ ಹೋಗಿ ಕನ್ನಡಕ ಮಾಡಿಸಿಕೊಂಡು ಬಂದ. ಅದರಲ್ಲೂ ಹಳದಿಯೇ ಕಂಡಿತಂತೆ. ಕನ್ನಡಕದ ಅಂಗಡಿಯವನಿಗೆ ಬೈದು ಸುಮ್ಮನಾದ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ಎಲ್ಲ ಮಕ್ಕಳ ಉತ್ತರವೂ ಕೆಂಪೇ. ಪೂರ್ತಿ ಅಂಕ ಬಂದದ್ದು ಮೇಷ್ಟ್ರ ಮಗಳೊಬ್ಬಳಿಗೆ. ಪುಟ ಸಂಖ್ಯೆಯನ್ನೂ ಜಾಲತಾಣದ ವಿಳಾಸವನ್ನೂ ತಪ್ಪಿಲ್ಲದೆ ಬರೆದವಳು ಅವಳೊಬ್ಬಳೇ. “ಅಪ್ಪನ ಮಗಳು!” ಎಂದು ದೊಡ್ಡ ಮೇಡಂ ಬೆನ್ನು ತಟ್ಟಿದರು.

ಪರೀಕ್ಷೆ ಮುಗಿದ ಸಂಜೆ ಮೇಷ್ಟ್ರು ಮಗಳ ಜೊತೆ ಮರದ ಕೆಳಗೆ ಬಂದರು. ಸೈಕಲ್ ಸೀಟಿನ ಮೇಲೆ ಹೂವು ಸುರಿದಿತ್ತು. ಅವರು ಈ ಸಲ ಬೈಯಲಿಲ್ಲ, ಬಟ್ಟೆಗೂ ಕೈ ಹಾಕಲಿಲ್ಲ. ಕೆಲವು ದಿನಗಳಿಂದ ಸೈಕಲ್ಲಿನ ಹಿಂದೆ ಸದ್ದೇ ಇರಲಿಲ್ಲ. ಏರು ಹತ್ತುವಾಗ ಅವರು ತಾವಾಗಿಯೇ, “ಏನಾದ್ರೂ ಕೇಳೇ,” ಎಂದಿದ್ದರು. “ಕೇಳೋ ಹಾಗಿಲ್ವಲ್ಲಪ್ಪಾ,” ಎಂದಿದ್ದಳು. ಅಂಗಳದಲ್ಲಿ ಬೇರೆ ಯಾರೂ ಇಲ್ಲವೆಂದು ಸುತ್ತ ನೋಡಿಕೊಂಡು ಮೇಷ್ಟ್ರು ಒಂದು ಹೂವನ್ನು ಎತ್ತಿ ಮಗಳ ಮುಂದೆ ಹಿಡಿದರು.

“ಪುಟ್ಟಾ, ನೀನು ಹೇಳಿದ್ದೇ ಸರಿ. ನೋಡು, ಹಳದಿ.”

ಮಗಳು ಹೂವನ್ನು ನೋಡಲಿಲ್ಲ, ಅಪ್ಪನ ಮುಖ ನೋಡಿದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಳು.

“ಎಷ್ಟನೇ ಪುಟದಲ್ಲಿದೆ ಅಪ್ಪಾ?”

ಮಗಳು ಕ್ಯಾರಿಯರ್‌ನಿಂದ ಬಟ್ಟೆ ಎಳೆದು, ಎಲ್ಲೋ ನೋಡುತ್ತಾ, ಸೀಟನ್ನು ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ಒರೆಸಿದಳು. “ಈ ಕೆಂಪು ಹೂವಿನದ್ದು ದೊಡ್ಡ ಕಾಟ,” ಎಂದು ಬಟ್ಟೆ ಕೊಡವಿ, ಹಿಂದೆ ಹತ್ತಿ ಕೂತಳು. ಕಂಪಾಸ್ ಡಬ್ಬಿಯಲ್ಲಿ ಈಗ ಕಂಪಾಸು ಇತ್ತು. ಸೈಕಲ್ ಹೊರಟಾಗ ಅದೊಂದೇ ಸದ್ದು ಮಾಡಿತು.